114ನೇ ಮರ: ಒಂದು ಅನುಮತಿಯ ಪ್ರಕರಣ

1964ರ ಆಗಸ್ಟ್‌ನಲ್ಲಿ ಅಮೆರಿಕದ ನೆವಾಡಾ ರಾಜ್ಯದ ಒಂದು ಬೆಟ್ಟದ ಮೇಲೆ ಪೈನ್ ಮರವೊಂದನ್ನು ಕಡಿದರು. ಕದ್ದು ಕಡಿದದ್ದಲ್ಲ. ಸಂಶೋಧನೆಗೆಂದು ಕೇಳಿ, ಅನುಮತಿ ಪಡೆದು, ಅರಣ್ಯ ಇಲಾಖೆಯ ಜನರನ್ನೇ ಕರೆದುಕೊಂಡು ಹೋಗಿ ಕಡಿಸಿದ್ದು. ಉಂಗುರ ಎಣಿಸಿದ ಮೇಲೆ ಒಂದು ವಿಷಯ ಗೊತ್ತಾಯಿತು. ಅಲ್ಲಿಯವರೆಗೆ ವಯಸ್ಸು ಎಣಿಸಿದ್ದ ಯಾವ ಮರವೂ ಇದರಷ್ಟು ಹಳೆಯದಾಗಿರಲಿಲ್ಲ.

ಈ ಕಥೆ ನಿಮ್ಮ ಕಿವಿಗೂ ಬಿದ್ದಿರಬಹುದು. ಸಾಮಾನ್ಯವಾಗಿ ಇದನ್ನು ಹೇಳುವುದು ಹೀಗೆ: ಒಬ್ಬ ದಡ್ಡ ವಿದ್ಯಾರ್ಥಿಯ ಉಪಕರಣ ಮರದೊಳಗೆ ಸಿಕ್ಕಿಕೊಂಡಿತು, ಅದನ್ನು ಬಿಡಿಸಿಕೊಳ್ಳಲು ಜಗತ್ತಿನ ಅತಿ ಹಳೆಯ ಮರವನ್ನೇ ಕಡಿದ. ಕೇಳಲು ಚೆನ್ನಾಗಿದೆ. ಆದರೆ ಅದರಿಂದ ಕಲಿಯುವುದಕ್ಕೆ ಏನೂ ಇಲ್ಲ. ದಡ್ಡತನ ಮಾಡಬೇಡಿ ಅಂತ ಯಾರಿಗೂ ಪಾಠ ಹೇಳಬೇಕಾಗಿಲ್ಲ, ಅಲ್ವಾ? ನನಗೆ ಆಸಕ್ತಿ ಇರುವುದು ಬೇರೆ ಕಾರಣಕ್ಕೆ. ಇಲ್ಲಿ ಯಾರೂ ನಿಯಮ ಮೀರಲಿಲ್ಲ. ಪ್ರತಿಯೊಬ್ಬರೂ ತಮ್ಮ ಮಟ್ಟಿಗೆ ಸರಿ ಅನ್ನಿಸುವ ಕಾರಣವನ್ನೇ ಕೊಟ್ಟರು. ಆದರೂ ಮರ ಹೋಯಿತು.

ಸಂಬಂಧಪಟ್ಟವರ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ವಿದ್ಯಾರ್ಥಿ, ರೇಂಜರ್, ಮೇಲಧಿಕಾರಿ, ಕೆಲಸಗಾರರು, ಅಷ್ಟು ಸಾಕು. ಅವರಲ್ಲಿ ಕೆಲವರು ಜೀವನವಿಡೀ ಈ ಒಂದು ದಿನಕ್ಕೆ ಉತ್ತರ ಕೊಡುತ್ತಲೇ ಇರಬೇಕಾಯಿತು.

ಹಿನ್ನೆಲೆ

ಬೆಟ್ಟ ಹತ್ತುತ್ತಾ ಹೋದರೆ ಒಂದು ಎತ್ತರದ ನಂತರ ಮರಗಳು ನಿಂತುಹೋಗುತ್ತವೆ. ಇದೇ ಮರದ ಗಡಿ. ಅಲ್ಲಿ ಬೇಸಿಗೆ ತೀರಾ ಚಿಕ್ಕದು, ತೀರಾ ತಣ್ಣಗಿನದು. ಹೊಸ ಕಟ್ಟಿಗೆ ಬೆಳೆಸಿಕೊಳ್ಳಲು ಮರಕ್ಕೆ ಸಮಯವೇ ಸಾಲುವುದಿಲ್ಲ. ಜಗತ್ತಿನ ಬೇರೆ ಬೇರೆ ಪರ್ವತಗಳಲ್ಲಿ ಅಳೆದಾಗ ಕಂಡದ್ದು ಇದು: ಬೆಳೆಯುವ ಕಾಲದ ಸರಾಸರಿ ಉಷ್ಣಾಂಶ 6 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುವ ಜಾಗದಲ್ಲಿ ಈ ಗಡಿ ಬರುತ್ತದೆ.

ಗಡಿಯ ಹತ್ತಿರದ ಮರಗಳಿಗೆ ಚಳಿಯ ಜೊತೆ ಗಾಳಿಯ ಕಾಟ. ಚಳಿಗಾಲದ ಗಾಳಿ ಹಿಮದ ಚೂಪು ಹರಳುಗಳನ್ನು ಹೊತ್ತು ತಂದು ಎಲೆ, ಚಿಗುರು, ತೊಗಟೆಯನ್ನು ಉಜ್ಜಿ ಹಾಕುತ್ತದೆ. ಹಿಮದ ಹೊದಿಕೆಯ ಕೆಳಗೆ ಉಳಿದ ಕೊಂಬೆ ಬದುಕುತ್ತದೆ, ಅದರ ಮೇಲೆ ತಲೆ ಎತ್ತಿದ್ದು ಒಣಗುತ್ತದೆ. ಹಾಗಾಗಿ ಕೆಳಗಿನ ಕಾಡಿನಲ್ಲಿ ಮೂವತ್ತು ಮೀಟರ್ ಬೆಳೆಯುವ ಸ್ಪ್ರೂಸ್ ಇಲ್ಲಿ ಮೊಣಕಾಲೆತ್ತರಕ್ಕೆ ನೆಲಕ್ಕಂಟಿ ಹರಡುತ್ತದೆ. ಮಣ್ಣು ಮುಟ್ಟಿದ ಕೊಂಬೆ ಅಲ್ಲೇ ಬೇರು ಬಿಡುತ್ತದೆ. ಇನ್ನು ಕೆಲವಕ್ಕೆ ಗಾಳಿ ಬರುವ ಕಡೆಯ ಕೊಂಬೆಗಳೆಲ್ಲ ಹೋಗಿ ಒಂದು ಪಕ್ಕ ಮಾತ್ರ ಉಳಿದಿರುತ್ತದೆ. ಅವನ್ನು ಬಾವುಟ ಮರ ಎಂದೇ ಕರೆಯುತ್ತಾರೆ. ಈ ಕುಳ್ಳು ಕಾಡಿಗೆ ಕ್ರುಮ್‌ಹೋಲ್ಟ್ಸ್ ಎಂಬ ಜರ್ಮನ್ ಹೆಸರೇ ಎಲ್ಲ ಕಡೆ ಬಳಕೆಯಲ್ಲಿದೆ. ಕುದುರೆಮುಖದ ಕಡೆ ಶೋಲಾ ಮರಗಳೂ ಗಾಳಿಗೆ ಬಾಗಿ ಕುಳ್ಳಾಗಿರುವುದನ್ನು ನೋಡಿದವರಿಗೆ ಚಿತ್ರ ಸ್ವಲ್ಪ ಕಣ್ಣಿಗೆ ಕಟ್ಟಬಹುದು. ಆದರೆ ಅದು ಮರದ ಗಡಿಯಲ್ಲ. ನಮ್ಮ ಘಟ್ಟಗಳು ಚಳಿಗೆ ಮರ ನಿಂತುಹೋಗುವಷ್ಟು ಎತ್ತರ ಇಲ್ಲ.

ಪ್ರಕರಣ ನಡೆದದ್ದು ನೆವಾಡಾದ ಪೂರ್ವ ಅಂಚಿನಲ್ಲಿ, ಸ್ನೇಕ್ ರೇಂಜ್ ಎಂಬ ಬೆಟ್ಟಸಾಲಿನಲ್ಲಿ. ಸುತ್ತಲೂ ಮರುಭೂಮಿ. ನಡುವೆ 3,982 ಮೀಟರ್ ಎತ್ತರದ ವೀಲರ್ ಪೀಕ್. ಅದರ ಈಶಾನ್ಯ ಮಗ್ಗುಲಲ್ಲಿ, ಹಳೆಯ ಹಿಮನದಿ ತಳ್ಳಿ ತಂದು ಬಿಟ್ಟುಹೋದ ಕಲ್ಲುರಾಶಿಯ ಮೇಲೆ, ಬ್ರಿಸಲ್‌ಕೋನ್ ಪೈನ್ ಮರಗಳ ಒಂದು ತೋಪಿದೆ. ಮಣ್ಣು ಅನ್ನುವುದು ಹೆಸರಿಗೆ ಮಾತ್ರ. ಕ್ವಾರ್ಟ್ಜೈಟ್ ಬಂಡೆಗಳ ಸಂದಿಯಲ್ಲಿ ಬೇರು.

ಈ ಮರದ ಬದುಕಿನ ಲೆಕ್ಕವೇ ಬೇರೆ. ತಗ್ಗಿನಲ್ಲಿ, ನೀರು ಮಣ್ಣು ಚೆನ್ನಾಗಿರುವ ಕಡೆ ಬೆಳೆದ ಬ್ರಿಸಲ್‌ಕೋನ್ ಬೇಗ ಎತ್ತರವಾಗುತ್ತದೆ, ಮುನ್ನೂರು ನಾನ್ನೂರು ವರ್ಷಕ್ಕೆ ಸಾಯುತ್ತದೆ. ಗಡಿಯ ಹತ್ತಿರ, ಗಾಳಿಗೆ ಸಿಕ್ಕಿ ನರಳಿದ್ದು ಸಾವಿರಾರು ವರ್ಷ ಬದುಕುತ್ತದೆ. ಅಲ್ಲಿ ಅದು ನೂರು ವರ್ಷಕ್ಕೆ ಒಂದು ಇಂಚು ದಪ್ಪವಾದರೆ ಹೆಚ್ಚು. ಹಾಗೆ ನಿಧಾನವಾಗಿ ಬೆಳೆದ ಕಟ್ಟಿಗೆ ಬಲು ಗಟ್ಟಿ, ಒಳಗೆಲ್ಲ ರಾಳ ತುಂಬಿರುತ್ತದೆ. ಹುಳುವಿಗೂ ಬೂಷ್ಟಿಗೂ ಹಲ್ಲು ಊರಲು ಆಗುವುದಿಲ್ಲ. ಒಮ್ಮೆ ಬಿಟ್ಟ ಸೂಜಿ ಎಲೆಯನ್ನು ಮೂವತ್ತು ನಲವತ್ತು ವರ್ಷ ಉದುರಿಸದೆ ಇಟ್ಟುಕೊಳ್ಳುತ್ತದೆ. ಪ್ರತಿವರ್ಷ ಹೊಸದು ಮಾಡಿಕೊಳ್ಳುವ ಖರ್ಚು ಉಳಿಯಿತು.

ಇನ್ನೊಂದು ಗುಣ ಈ ಪ್ರಕರಣಕ್ಕೆ ತುಂಬಾ ಮುಖ್ಯ. ಬ್ರಿಸಲ್‌ಕೋನ್‌ನಲ್ಲಿ ಒಂದೊಂದು ದೊಡ್ಡ ಬೇರು ತನ್ನ ನೇರಕ್ಕಿರುವ ಕಾಂಡದ ಭಾಗಕ್ಕೆ, ಅದರ ಮೇಲಿನ ಕೊಂಬೆಗೆ ಮಾತ್ರ ನೀರು ಕೊಡುತ್ತದೆ. ಒಂದು ತೂಬು ಮುಚ್ಚಿದರೆ ಅದರ ಕೆಳಗಿನ ಗದ್ದೆ ಮಾತ್ರ ಒಣಗುವ ಹಾಗೆ, ಒಂದು ಬೇರು ಸತ್ತರೆ ಆ ಪಟ್ಟಿ ಮಾತ್ರ ಸಾಯುತ್ತದೆ, ಉಳಿದದ್ದು ಬದುಕುತ್ತದೆ. ಹೀಗಾಗಿ ತುಂಬಾ ಹಳೆಯ ಮರಗಳಲ್ಲಿ ಮುಕ್ಕಾಲು ಪಾಲು ಒಣಗಿದ ಬರಿ ಕಟ್ಟಿಗೆ. ಎಲ್ಲೋ ಒಂದು ಬದಿಯಲ್ಲಿ ಒಂದು ಪಟ್ಟಿ ತೊಗಟೆ, ಅದರ ಮೇಲೆ ಹಸಿರು. ಸತ್ತ ಬದಿಯನ್ನು ಗಾಳಿ, ಮರಳು, ಹಿಮ ಸವೆಸುತ್ತಲೇ ಇರುತ್ತವೆ. ಸಾವಿರ ವರ್ಷ ಹೋದ ಮೇಲೆ ಮರದ ಮೊದಲ ತಿರುಳೇ ಎಷ್ಟೋ ಕಡೆ ಸವೆದು ಹಾರಿಹೋಗಿರುತ್ತದೆ.

ಈ ಮರಗಳ ವಯಸ್ಸು ಹೊರಗೆ ಬಂದದ್ದು 1950ರ ದಶಕದಲ್ಲಿ. ಅರಿಜೋನಾ ವಿಶ್ವವಿದ್ಯಾಲಯದ ಎಡ್ಮಂಡ್ ಶುಲ್ಮನ್ ಕ್ಯಾಲಿಫೋರ್ನಿಯಾದ ವೈಟ್ ಮೌಂಟನ್ಸ್‌ನಲ್ಲಿ 4,000 ವರ್ಷ ದಾಟಿದ ಬ್ರಿಸಲ್‌ಕೋನ್‌ಗಳನ್ನು ಕಂಡುಹಿಡಿದರು. ಮೆಥುಸೆಲಾ ಎಂದು ಹೆಸರಾದ ಮರವೂ ಅವರದೇ ಶೋಧ. 1958ರಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಆ ಕಾಡಿಗೆ ವಿಶೇಷ ರಕ್ಷಣೆ ಸಿಕ್ಕಿತು. ನೆವಾಡಾದ ತೋಪಿಗೆ ಆ ಮಟ್ಟದ ಗಮನ ಸಿಗಲಿಲ್ಲ. ಅಷ್ಟು ಹಳೆಯ ಮರಗಳು ಕ್ಯಾಲಿಫೋರ್ನಿಯಾದ ಆ ಒಂದು ಬೆಟ್ಟದಲ್ಲಿ ಮಾತ್ರ ಇವೆ ಅನ್ನುವುದು ಆಗಿನ ಸಾಮಾನ್ಯ ನಂಬಿಕೆ.

ಪ್ರಶ್ನೆ ಏನಿತ್ತು

ವಿದ್ಯಾರ್ಥಿ ಭೂಗೋಳದವನು, ಸಸ್ಯಶಾಸ್ತ್ರದವನಲ್ಲ. ಅವನ ಆಸಕ್ತಿ ಹಿಮನದಿಗಳಲ್ಲಿ. ಕಳೆದ ಕೆಲವು ಶತಮಾನಗಳಲ್ಲಿ ಭೂಮಿ ಸ್ವಲ್ಪ ತಣ್ಣಗಾಗಿದ್ದ ಕಾಲವೊಂದಿತ್ತು, ಕಿರು ಹಿಮಯುಗ ಎನ್ನುತ್ತಾರೆ. ಆಗ ಈ ಬೆಟ್ಟದ ಹಿಮನದಿ ಎಷ್ಟು ಕೆಳಗಿಳಿದಿತ್ತು, ಯಾವ ಕಲ್ಲುರಾಶಿ ಯಾವ ಕಾಲದ್ದು ಎಂದು ತಿಳಿಯಬೇಕಿತ್ತು.

ಇಲ್ಲಿ ಮರ ಬರುವುದು ಗಡಿಯಾರವಾಗಿ. ಕಲ್ಲುರಾಶಿಯ ಮೇಲೆ ಬೆಳೆದ ಮರಕ್ಕೆ ಸಾವಿರ ವರ್ಷ ಆಗಿದ್ದರೆ, ಆ ರಾಶಿಗೆ ಕಡಿಮೆ ಅಂದರೂ ಸಾವಿರ ವರ್ಷ ಆಗಿದೆ. ಆಮೇಲೆ ಹಿಮನದಿ ಅಲ್ಲಿ ಹಾದುಹೋಗಿಲ್ಲ. ಹಾದಿದ್ದರೆ ಮರ ಉಳಿಯುತ್ತಿರಲಿಲ್ಲ. ತರ್ಕ ಸರಳ, ಗಟ್ಟಿ.

ಆದರೆ ಈ ತರ್ಕಕ್ಕೆ ಒಂದು ಸೊಟ್ಟ ಪರಿಣಾಮ ಇದೆ. ಕಲ್ಲುರಾಶಿಯ ವಯಸ್ಸಿಗೆ ಎಷ್ಟು ಹತ್ತಿರ ಹೋಗಬೇಕೋ ಅಷ್ಟು ಹಳೆಯ ಮರ ಬೇಕು. ಎಳೆಯ ಮರದಿಂದ ಉಪಯೋಗ ಕಡಿಮೆ. ಅಂದರೆ ಸಂಶೋಧಕ ತೋಪಿನೊಳಗೆ ಕಾಲಿಟ್ಟ ಕ್ಷಣದಿಂದ ವಿಧಾನವೇ ಅವನನ್ನು ಅತಿ ಹಳೆಯ ಮರದ ಕಡೆಗೆ ಕರೆದೊಯ್ಯುತ್ತದೆ. ‘ಅಷ್ಟು ಮರಗಳಲ್ಲಿ ಅದೇ ಮರ ಸಿಗಬೇಕಿತ್ತಾ, ಎಂಥಾ ದುರಾದೃಷ್ಟ’ ಎಂದು ಈ ಕಥೆ ಹೇಳುವವರು ಉದ್ಗಾರ ತೆಗೆಯುತ್ತಾರೆ. ದುರಾದೃಷ್ಟ ಅಲ್ಲ. ಅವನು ಹುಡುಕುತ್ತಿದ್ದದ್ದೇ ಅದನ್ನು.

ಮಾಡಿ ನೋಡಿದ್ದು

ಮರದ ವಯಸ್ಸು ತಿಳಿಯಲು ಕಡಿಯಲೇಬೇಕಿಲ್ಲ. ಇನ್ಕ್ರಿಮೆಂಟ್ ಬೋರರ್ ಅಂತ ಒಂದು ಟೊಳ್ಳು ಬೈರಿಗೆ ಇದೆ. ಕೈಯಲ್ಲೇ ತಿರುಗಿಸಿ ಕಾಂಡದೊಳಗೆ ಇಳಿಸುತ್ತಾರೆ. ಹೊರಗೆ ತೆಗೆದಾಗ ಪೆನ್ಸಿಲಿಗಿಂತ ಸಪೂರವಾದ ಒಂದು ಕಡ್ಡಿ ಬರುತ್ತದೆ. ಅದರ ಮೇಲೆ ಉಂಗುರಗಳು ಅಡ್ಡಗೆರೆಗಳಾಗಿ ಕಾಣುತ್ತವೆ. ಇದಕ್ಕೆ ಕೋರ್ ಎನ್ನುತ್ತಾರೆ. ಪೈನ್ ಮರ ಆ ತೂತನ್ನು ರಾಳದಿಂದ ಮುಚ್ಚಿಕೊಳ್ಳುತ್ತದೆ. ನಮ್ಮಲ್ಲಿ ತೇಗದಲ್ಲಿ ಉಂಗುರ ಚೆನ್ನಾಗಿ ಕಾಣುತ್ತದೆ, ಮಾವಿನಲ್ಲಿ ಕಾಣುವುದು ಕಷ್ಟ. ಚಳಿ ಪ್ರದೇಶದ ಸೂಜಿ ಎಲೆಯ ಮರಗಳಲ್ಲಿ ಆ ತೊಂದರೆ ಇಲ್ಲ. ವರ್ಷಕ್ಕೊಂದು ಗೆರೆ. ತೀರಾ ಕೆಟ್ಟ ವರ್ಷದಲ್ಲಿ ಅದೂ ತಪ್ಪಬಹುದು.

ವಿದ್ಯಾರ್ಥಿ ತೋಪಿನ ಮರಗಳಿಂದ ಹೀಗೇ ಕೋರ್ ತೆಗೆಯುತ್ತಾ ಬಂದ. ಪ್ರತಿ ಮರಕ್ಕೂ ಒಂದು ಸಂಖ್ಯೆ. ನಮ್ಮ ಪ್ರಕರಣದ ಮರದ ಸಂಖ್ಯೆ ಡಬ್ಲ್ಯೂಪಿಎನ್-114. ನೆವಾಡಾದ ವೈಟ್ ಪೈನ್ ಕೌಂಟಿಯ 114ನೇ ಮಾದರಿ ಅಂತ ಅರ್ಥ. ಬೆಟ್ಟ ಸುತ್ತುವ ಪ್ರಕೃತಿ ಪ್ರಿಯರು ಇದೇ ಮರಕ್ಕೆ ಆಗಲೇ ಪ್ರೊಮೀಥಿಯಸ್ ಎಂದು ಹೆಸರಿಟ್ಟಿದ್ದರು. ಆ ತೋಪಿನ ಇನ್ನೂ ಕೆಲವು ದೊಡ್ಡ ಮರಗಳಿಗೂ ಹೆಸರುಗಳಿದ್ದವು.

ಮರ 3,200 ಮೀಟರಿಗೂ ಮೇಲಿನ ಎತ್ತರದಲ್ಲಿತ್ತು. ಬುಡದ ಹತ್ತಿರ ಸುತ್ತಳತೆ 252 ಇಂಚು, ಅಂದರೆ ಆರು ಮೀಟರಿಗೂ ಜಾಸ್ತಿ. ಎತ್ತರ ಮಾತ್ರ ಹದಿನೇಳು ಅಡಿ. ಅದೂ ಒಣಗಿದ ತುದಿಯದು. ಜೀವ ಇದ್ದ ಕೊಂಬೆ ಹನ್ನೊಂದು ಅಡಿಯಷ್ಟೇ. ಇಷ್ಟು ದಪ್ಪದ ಕಾಂಡದಲ್ಲಿ ತೊಗಟೆ ಉಳಿದಿದ್ದದ್ದು ಉತ್ತರ ಬದಿಯಲ್ಲಿ 19 ಇಂಚು ಅಗಲದ ಒಂದೇ ಪಟ್ಟಿ.

ಇಂಥ ಮರಕ್ಕೆ ಬೋರರ್ ಹಾಕುವುದು ಅಂದರೆ ಗೋಳು. ಒಳಗಿನ ತಿರುಳು ಎಲ್ಲಿದೆ ಅಂತಲೇ ಹೊರಗಿನಿಂದ ಗೊತ್ತಾಗುವುದಿಲ್ಲ. ಮರ ಸಾವಿರಾರು ವರ್ಷ ಒಂದೇ ಬದಿಗೆ ಬೆಳೆದಿದೆ, ಆದ್ದರಿಂದ ನಡುಮಧ್ಯೆ ತಿರುಳು ಇರುವುದಿಲ್ಲ. ಉಂಗುರಗಳು ತಿರುಚಿಕೊಂಡಿರುತ್ತವೆ. ಕಟ್ಟಿಗೆ ಕಲ್ಲಿನಷ್ಟು ಗಟ್ಟಿ. ವಿದ್ಯಾರ್ಥಿ ಹಲವು ಸಲ ಪ್ರಯತ್ನಿಸಿದ. ಬೇಕಾದ ಕೋರ್ ಬರಲಿಲ್ಲ.

ಏಕೆ ಬರಲಿಲ್ಲ ಅನ್ನುವಲ್ಲಿ ಕಥೆಗಳು ಕವಲೊಡೆಯುತ್ತವೆ. ಬೋರರ್ ಮುರಿಯಿತು ಎನ್ನುವುದು ಒಂದು. ಒಳಗೆ ಸಿಕ್ಕಿಕೊಂಡಿತು ಎನ್ನುವುದು ಇನ್ನೊಂದು. ಬೋರರ್ ಉದ್ದ ಸಾಲಲಿಲ್ಲ ಎನ್ನುವವರಿದ್ದಾರೆ. ಕೋರ್ ಬೇಡವೇ ಬೇಡ, ಇಡೀ ಅಡ್ಡಸೀಳೇ ಬೇಕು ಅಂತ ಅವನಿಗೆ ಅನ್ನಿಸಿತ್ತು ಎನ್ನುವವರೂ ಇದ್ದಾರೆ. ಇದರಲ್ಲಿ ಯಾವುದು ನಿಜ ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಎಲ್ಲ ಕಥೆಗಳೂ ಒಂದೇ ಜಾಗಕ್ಕೆ ಬಂದು ಸೇರುತ್ತವೆ: ಅವನು ರೇಂಜರ್ ಬಳಿ ಹೋಗಿ ಮರ ಕಡಿಯಲು ಅನುಮತಿ ಕೇಳಿದ.

ಮೊದಲ ತಿರುವು: ಪ್ರಶ್ನೆ ಜಾರಿದ್ದು

ಇಲ್ಲಿ ಒಂದು ನಿಮಿಷ ನಿಲ್ಲೋಣ. ನನ್ನ ಪ್ರಕಾರ ಮರ ಉಳಿಯುವ ಮೊದಲ ಅವಕಾಶ ತಪ್ಪಿದ್ದು ಇಲ್ಲಿ, ಗರಗಸ ಬರುವುದಕ್ಕೂ ಮುಂಚೆ.

ಕಿರು ಹಿಮಯುಗ ಅಂದರೆ ಕಳೆದ ಐದಾರು ಶತಮಾನದ ಮಾತು. ಆ ಹಿಮ ಈ ಕಲ್ಲುರಾಶಿಯವರೆಗೆ ಬಂದಿತ್ತೋ ಇಲ್ಲವೋ ಎಂದು ತೀರ್ಮಾನಿಸಲು ಮರಕ್ಕೆ ಸಾವಿರ ವರ್ಷ ಆಗಿದೆ ಎಂದು ಗೊತ್ತಾದರೆ ಸಾಕು. ತಿರುಳು ಮುಟ್ಟಬೇಕಾಗಿಲ್ಲ. ಅರ್ಧಕ್ಕೆ ನಿಂತ ಕೋರ್, ತುಂಡಾದ ಕೋರ್ ಕೂಡ ಆ ಕೆಲಸ ಮಾಡುತ್ತದೆ. ಅಲ್ಲಿ 2,000 ಗೆರೆ ಸಿಕ್ಕರೆ ‘ಕನಿಷ್ಠ 2,000’ ಎಂದು ಬರೆದು ಮುಂದೆ ಹೋಗಬಹುದಿತ್ತು. ಕಲ್ಲುರಾಶಿಯ ವಯಸ್ಸು ಹೇಳುವಾಗ ಮರ ಹೇಗೂ ಕನಿಷ್ಠ ಲೆಕ್ಕವನ್ನೇ ಕೊಡುವುದು. ಹಿಮ ಹೋದ ಎಷ್ಟು ಸಾವಿರ ವರ್ಷದ ಮೇಲೆ ಬೀಜ ಬಂದು ಬಿತ್ತೋ ಮರ ಹೇಳುವುದಿಲ್ಲ. ಕೊನೆಯ ಉಂಗುರದವರೆಗೆ ಎಣಿಸಿದರೂ ಆ ಸಂದೇಹ ಹಾಗೇ ಇರುತ್ತದೆ.

ಹಾಗಾದರೆ ಪೂರ್ತಿ ಸೀಳು ಬೇಕೆನಿಸಿದ್ದು ಯಾಕೆ? 1965ರಲ್ಲಿ ಅವನು ಪ್ರಕಟಿಸಿದ ಪ್ರಬಂಧದ ವಿಷಯ ಪೂರ್ವ ನೆವಾಡಾದ ಪುರಾತನ ಬ್ರಿಸಲ್‌ಕೋನ್ ತೋಪು. ಹಿಮನದಿಯ ಕೆಲಸ ಮಾಡುತ್ತಾ ಮಾಡುತ್ತಾ ಮರದ ವಯಸ್ಸೇ ಒಂದು ಪ್ರಶ್ನೆಯಾಗಿ ಬೆಳೆದಿತ್ತು. ಅಷ್ಟು ಹಳೆಯ ಮರ ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಅಲ್ಲ, ಇಲ್ಲೂ ಇದೆ ಎಂದು ತೋರಿಸುವುದು ಒಳ್ಳೆಯ ಪ್ರಶ್ನೆಯೇ. ಉದ್ದನೆಯ ಉಂಗುರ ಸರಣಿ ಸಿಕ್ಕರೆ ಸಾವಿರಾರು ವರ್ಷದ ಹವೆಯ ದಾಖಲೆಯೂ ಸಿಗುತ್ತದೆ. ತಪ್ಪೇನಿಲ್ಲ. ಆದರೆ ಇದು ಅವನು ಬೆಟ್ಟ ಹತ್ತಿದ ಪ್ರಶ್ನೆಯಲ್ಲ. ಹೊಸ ಪ್ರಶ್ನೆಗೆ ಬೇಕಾದ ಬೆಲೆಯನ್ನು ಹಳೆಯ ಪ್ರಶ್ನೆಯ ಲೆಕ್ಕಕ್ಕೆ ಬರೆದುಕೊಂಡ ಹಾಗಾಯಿತು. ಕ್ಷೇತ್ರಕಾರ್ಯ ಮಾಡಿದವರಿಗೆ ಇದು ಗೊತ್ತು. ಸೀಸನ್ ಮುಗಿಯುತ್ತಾ ಬಂದಿರುತ್ತದೆ, ಕೈಯಲ್ಲಿ ಏನೋ ದೊಡ್ಡದು ಸಿಕ್ಕಿದೆ ಅನ್ನಿಸುತ್ತದೆ, ಉಪಕರಣ ಕೈಕೊಟ್ಟಿರುತ್ತದೆ. ಆಗ ‘ನನಗೆ ನಿಜವಾಗಿ ಎಷ್ಟು ಬೇಕು’ ಎಂದು ಕೇಳಿಕೊಳ್ಳುವವರು ಕಡಿಮೆ.

ಎರಡನೇ ತಿರುವು: ಅನುಮತಿ

ಆಗ ಆ ಜಾಗ ರಾಷ್ಟ್ರೀಯ ಉದ್ಯಾನ ಆಗಿರಲಿಲ್ಲ. ಅರಣ್ಯ ಇಲಾಖೆಯ ಕೈಯಲ್ಲಿತ್ತು. ಸುಂದರ ತಾಣ ಎಂಬ ಹೆಸರಿನ ಒಂದು ಹಗುರ ರಕ್ಷಣೆ ಇತ್ತು, ಅಷ್ಟೇ. ಅಂಥ ಕಡೆ ಮರ ಕಡಿಯಲು ಅನುಮತಿ ಕೊಡುವುದು ದಿನನಿತ್ಯದ ಕಚೇರಿ ಕೆಲಸ. ಹಳೆಯ ಮರ ಅಂತ ಪ್ರತ್ಯೇಕ ನಿಯಮ ಅಡ್ಡ ಬರಲಿಲ್ಲ.

ಹಾಗಂತ ರೇಂಜರ್ ಕಣ್ಣುಮುಚ್ಚಿ ಸಹಿ ಹಾಕಲಿಲ್ಲ. ಮೇಲಧಿಕಾರಿಯ ಜೊತೆ ಮಾತಾಡಿದ. ಅನುಮತಿಗೆ ಕೊಟ್ಟ ಕಾರಣಗಳ ಸಾರ ಇದು: ಈ ಮರ ಅಲ್ಲಿನ ಬೇರೆ ಹಲವು ಮರಗಳಂಥದ್ದೇ. ಜನ ಹುಡುಕಿಕೊಂಡು ಬಂದು ನೋಡುವಂಥದ್ದಲ್ಲ. ಕಡಿದರೆ ವಿಜ್ಞಾನಕ್ಕೂ ಶಿಕ್ಷಣಕ್ಕೂ ಉಪಯೋಗ ಆಗುತ್ತದೆ.

ಮೂರೂ ಮಾತು ಒಮ್ಮೆಗೆ ಓದಿದರೆ ಸಮಂಜಸ ಅನ್ನಿಸುತ್ತದೆ. ಒಂದೊಂದಾಗಿ ನೋಡಿದರೆ ಕಥೆ ಬೇರೆ.

‘ಹಲವು ಮರಗಳಂಥದ್ದೇ’ ಅನ್ನುವುದು ಕಣ್ಣಳತೆಯ ಮಾತು. ಗಡಿಯ ಹತ್ತಿರದ ಮರಗಳಲ್ಲಿ ಕಣ್ಣಳತೆ ಮೋಸ ಮಾಡುವಷ್ಟು ಬೇರೆಲ್ಲೂ ಮಾಡುವುದಿಲ್ಲ. ಗಾಳಿ ಎಲ್ಲ ಮರಗಳನ್ನೂ ಒಂದೇ ರೀತಿ ತಿರುಚುತ್ತದೆ. ಮುನ್ನೂರು ವರ್ಷದ್ದೂ ಕುಳ್ಳು, ಮೂರು ಸಾವಿರ ವರ್ಷದ್ದೂ ಕುಳ್ಳು. ಇದು ಉಳಿದವುಗಳಂಥದ್ದೋ ಅಲ್ಲವೋ ಎಂದು ಹೇಳಲು ವಯಸ್ಸು ಗೊತ್ತಿರಬೇಕು. ವಯಸ್ಸು ಗೊತ್ತಿಲ್ಲ ಅಂತಲೇ ತಾನೇ ಕಡಿಯಲು ಹೊರಟಿದ್ದು? ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹಿಡಿದು, ಅದನ್ನು ತಿಳಿಯಲು ಅನುಮತಿ ಕೊಟ್ಟರು. ನನಗೆ ಇಡೀ ಪ್ರಕರಣದ ಗಂಟು ಇರುವುದು ಈ ಒಂದು ವಾಕ್ಯದಲ್ಲಿ.

‘ಜನ ನೋಡಲು ಬರುವುದಿಲ್ಲ’ ಅನ್ನುವುದು ಉದ್ಯಾನಗಳನ್ನು ಪ್ರವಾಸಿಗರ ಲೆಕ್ಕದಲ್ಲಿ ಅಳೆಯುವ ಹಳೇ ಚಾಳಿ. ದಾರಿಯ ಪಕ್ಕ ಇದ್ದಿದ್ದರೆ ಈ ಮರ ಬದುಕುತ್ತಿತ್ತೇನೋ! ವಿಜ್ಞಾನಕ್ಕೆ ಉಪಯೋಗ ಅನ್ನುವ ಮೂರನೆಯ ಮಾತಿಗೆ, ‘ಯಾವ ಪ್ರಶ್ನೆಗೆ, ಬೇರೆ ದಾರಿ ಇಲ್ಲವೇ’ ಎಂದು ಎದುರು ಕೇಳಬಲ್ಲ ಮೂರನೆಯ ವ್ಯಕ್ತಿ ಆ ಮಾತುಕತೆಯಲ್ಲಿ ಇದ್ದಂತೆ ಕಾಣುವುದಿಲ್ಲ. ಉಂಗುರ ವಿಜ್ಞಾನದಲ್ಲಿ ಪಳಗಿದವರು ಪಕ್ಕದ ಅರಿಜೋನಾದಲ್ಲೇ ಇದ್ದರು. ತಿರುಚಿದ ಮರದಿಂದ ಕೋರ್ ತೆಗೆಯುವ ಕೈಚಳಕ ಅವರಲ್ಲಿತ್ತು.

ಕಡಿಯುವ ದಿನ ಕೆಲಸಗಾರರಲ್ಲಿ ಒಬ್ಬ ಗರಗಸ ಹಿಡಿಯಲು ಒಪ್ಪಲಿಲ್ಲ ಎಂಬ ಮಾತಿದೆ. ನಿಜವಿದ್ದರೆ, ಆ ಸರಪಳಿಯಲ್ಲಿ ಬೇಡ ಎಂದದ್ದು ಅತಿ ಕಡಿಮೆ ಅಧಿಕಾರ ಇದ್ದವನು.

ಏನಾಯಿತು

ಕಾಂಡದ ಅಡ್ಡಸೀಳುಗಳನ್ನು ಕೆಳಗೆ ತಂದರು. ವಿದ್ಯಾರ್ಥಿ ಕೂತು ಎಣಿಸಿದ. 4,844 ಉಂಗುರ. ಮುಂದೆ ಅರಿಜೋನಾದಲ್ಲಿ ಅದೇ ಮರವನ್ನು ಮತ್ತೆ ನೋಡಿದಾಗ ಎಣಿಕೆ 4,862ಕ್ಕೆ ಏರಿತು. ಇದೂ ಪೂರ್ತಿ ಅಲ್ಲ. ಬುಡದ ಹತ್ತಿರ ತಿರುಳು ಸವೆದುಹೋಗಿತ್ತು. ಹಾಗಾಗಿ ಎಣಿಸಿದ್ದು ಮೊಳಕೆಯ ಜಾಗಕ್ಕಿಂತ ಎರಡೂವರೆ ಮೀಟರ್ ಮೇಲಿನ ಸೀಳಿನಲ್ಲಿ. ಅಷ್ಟು ಎತ್ತರ ಬೆಳೆಯಲು ಹಿಡಿದ ಕಾಲ, ಕೆಟ್ಟ ವರ್ಷಗಳಲ್ಲಿ ತಪ್ಪಿದ ಉಂಗುರ ಎಲ್ಲ ಸೇರಿಸಿದರೆ ಸುಮಾರು 4,900 ವರ್ಷ ಎಂಬ ಅಂದಾಜು. ಹರಪ್ಪ, ಮೊಹೆಂಜೊದಾರೊ ದೊಡ್ಡ ಪಟ್ಟಣಗಳಾಗಿ ಬೆಳೆಯುವ ಮುನ್ನವೇ ಈ ಸಸಿ ಆ ಕಲ್ಲಿನ ಸಂದಿಯಲ್ಲಿ ತಲೆ ಎತ್ತಿತ್ತು.

ಇಲ್ಲಿ ಒಂದು ವಿಚಿತ್ರ ಗಮನಿಸಿ. ಪೂರ್ತಿ ವಯಸ್ಸು ತಿಳಿಯಲು ಮರ ಕಡಿದರು. ಕಡಿದ ಮೇಲೂ ಸಿಕ್ಕಿದ್ದು ‘ಕನಿಷ್ಠ ಇಷ್ಟು’ ಎಂಬ ಉತ್ತರ. ಅರ್ಧ ಕೋರ್ ಕೊಡುತ್ತಿದ್ದದ್ದೂ ಅದೇ ಬಗೆಯ ಉತ್ತರ, ಸಂಖ್ಯೆ ಮಾತ್ರ ಚಿಕ್ಕದು.

ಆಮೇಲೆ

ಸುದ್ದಿ ಒಮ್ಮೆಲೇ ಸಿಡಿಯಲಿಲ್ಲ. ಪ್ರಬಂಧ ಬಂದದ್ದು ಪರಿಣತರು ಓದುವ ಪತ್ರಿಕೆಯಲ್ಲಿ. ಆದರೆ ಆ ಬೆಟ್ಟವನ್ನು ರಾಷ್ಟ್ರೀಯ ಉದ್ಯಾನ ಮಾಡಬೇಕೆಂದು 1950ರ ದಶಕದಿಂದಲೇ ಹೋರಾಡುತ್ತಿದ್ದ ಜನ ಇದ್ದರು. ಆ ಮರಗಳಿಗೆ ಹೆಸರಿಟ್ಟವರೂ ಅವರ ನಡುವಿನವರೇ. ಅವರು ಇದನ್ನು ಬಿಡಲಿಲ್ಲ. 1960ರ ದಶಕದ ಕೊನೆಯ ಹೊತ್ತಿಗೆ ಪತ್ರಿಕೆಗಳಲ್ಲಿ ಕಟುವಾದ ಬರಹಗಳು ಬಂದವು. ವಿದ್ಯಾರ್ಥಿ ಮುಂದೆ ಪ್ರಾಧ್ಯಾಪಕನಾದ. ಭೂಗೋಳದಲ್ಲಿ ಒಳ್ಳೆಯ ಕೆಲಸ ಮಾಡಿದ. ಹೊರಗಿನವರು ಅವನನ್ನು ಕೇಳುತ್ತಿದ್ದದ್ದು ಮಾತ್ರ ಇದೊಂದೇ.

1986ರ ಅಕ್ಟೋಬರ್‌ನಲ್ಲಿ ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು. ಮರ ಸತ್ತು ಉದ್ಯಾನ ಹುಟ್ಟಿತು ಎಂದು ಕೆಲವರು ಬರೆಯುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ನಡುವೆ 22 ವರ್ಷ ಇದೆ. ಗಣಿ ಮತ್ತು ದನ ಮೇಯಿಸುವವರ ವಿರೋಧ ಇತ್ತು, ರಾಜಕೀಯದ ಕೊಡುಕೊಳ್ಳುವಿಕೆ ಇತ್ತು. ಉದ್ಯಾನದ ಕಾನೂನಿನಲ್ಲೇ ಮೇವಿಗೆ ಅವಕಾಶ ಇಟ್ಟುಕೊಟ್ಟ ಮೇಲೆ ಅದು ಪಾಸಾದದ್ದು. ಮರದ ಕಥೆ ವಾದಕ್ಕೆ ಬಲ ಕೊಟ್ಟಿತು, ಅಷ್ಟು ಹೇಳಬಹುದು. ಸಾವಿಗೆ ಒಂದು ಸಾರ್ಥಕತೆ ಹುಡುಕುವ ಆತುರದಲ್ಲಿ ಅನುಮತಿಯ ಲೋಪ ಮರೆಯಾಗಿಬಿಡುತ್ತದೆ.

ಇವತ್ತು ಉದ್ಯಾನದ ಸಂದರ್ಶಕರ ಕೇಂದ್ರದಲ್ಲಿ ಆ ಮರದ ಒಂದು ಸೀಳು ಇದೆ. ಬೆಟ್ಟದ ಮೇಲೆ ಬುಡ ಹಾಗೇ ಇದೆ. ಫಲಕ ಇಲ್ಲ, ದಾರಿ ಇಲ್ಲ. ಉದ್ಯಾನದಲ್ಲಿ ಬ್ರಿಸಲ್‌ಕೋನ್‌ನ ಬಿದ್ದ ಕಡ್ಡಿಯನ್ನೂ ಎತ್ತುವಂತಿಲ್ಲ. ಅದಕ್ಕೆ ಕಾರಣ ಬರೀ ಭಾವನೆಯಲ್ಲ. ಒಣಹವೆಯಲ್ಲಿ ಬಿದ್ದ ಕಟ್ಟಿಗೆ ಸಾವಿರಾರು ವರ್ಷ ಕೊಳೆಯದೆ ಉಳಿಯುತ್ತದೆ. ಅದರ ಉಂಗುರಗಳನ್ನು ಜೀವಂತ ಮರಗಳ ಉಂಗುರಗಳ ಜೊತೆ ಹೊಂದಿಸುತ್ತಾ ಹಿಂದೆ ಹೋಗಬಹುದು. ವೈಟ್ ಮೌಂಟನ್ಸ್‌ನಲ್ಲಿ ಹೀಗೆ 8,000 ವರ್ಷ ದಾಟಿದ ಸರಣಿ ಕಟ್ಟಿದ್ದಾರೆ. ವಸ್ತುವಿನಲ್ಲಿ ಉಳಿದ ವಿಕಿರಣಶೀಲ ಇಂಗಾಲ ಅಳೆದು ವಯಸ್ಸು ಹೇಳುವ ರೇಡಿಯೋಕಾರ್ಬನ್ ವಿಧಾನ ಹಳೆಯ ವಸ್ತುಗಳಿಗೆ ತಪ್ಪು ವಯಸ್ಸು ಕೊಡುತ್ತಿತ್ತು ಎಂದು ಪತ್ತೆ ಹಚ್ಚಿ ಸರಿಪಡಿಸಿದ್ದು ಈ ಸರಣಿಯಿಂದಲೇ. ಅಂದರೆ ಉದ್ದದ ದಾಖಲೆ ಕೊಟ್ಟದ್ದು ಸತ್ತು ಬಿದ್ದ ತುಂಡುಗಳು ಮತ್ತು ಸಪೂರ ಕೋರ್‌ಗಳು. ಒಂದು ಮರದ ಸೀಳು ಎಷ್ಟೇ ದೊಡ್ಡದಾದರೂ ಐದು ಸಾವಿರದ ಹತ್ತಿರ ನಿಂತುಬಿಡುತ್ತದೆ.

ಬೇರೆ ದಾರಿ ಇತ್ತೇ?

ಇವತ್ತು ಇದೇ ಕಲ್ಲುರಾಶಿಯ ವಯಸ್ಸು ತಿಳಿಯಬೇಕಾದರೆ ಯಾರೂ ಮರದ ಹತ್ತಿರ ಹೋಗಬೇಕಿಲ್ಲ. ಬಂಡೆಯ ಮೇಲ್ಮೈಯಲ್ಲಿ ಕಾಸ್ಮಿಕ್ ಕಿರಣಗಳಿಂದ ಉಂಟಾಗುವ ಬೆರಿಲಿಯಂ-10 ಅಳೆದು, ಹಿಮ ಸರಿದು ಆ ಬಂಡೆ ಬಿಸಿಲಿಗೆ ಬಂದದ್ದು ಯಾವಾಗ ಎಂದು ಹೇಳುತ್ತಾರೆ. 1964ರಲ್ಲಿ ಆ ವಿಧಾನ ಇರಲಿಲ್ಲ. ಆದರೆ ಕಲ್ಲುಹೂವು ಅಳೆಯುವ ವಿಧಾನ ಇತ್ತು. ಬಂಡೆಯ ಮೇಲೆ ಅದು ಎಷ್ಟು ಅಗಲಕ್ಕೆ ಹರಡಿದೆ ಎಂದು ನೋಡಿ ಬಂಡೆ ತೆರೆದುಕೊಂಡ ಕಾಲ ಅಂದಾಜಿಸುವುದು. 1950ರ ದಶಕದಿಂದಲೇ ಬಳಕೆಯಲ್ಲಿತ್ತು. ಕೆಲವು ಶತಮಾನಗಳ ಪ್ರಶ್ನೆಗೆ ಅದು ಸಾಕಷ್ಟು ಹೊಂದುವ ವಿಧಾನ.

ಅದೂ ಬೇಡ, ಮರವೇ ಬೇಕು ಅಂತಿಟ್ಟುಕೊಳ್ಳಿ. ಮುಂದಿನ ಬೇಸಿಗೆಗೆ ಕಾಯಬಹುದಿತ್ತು. ಉದ್ದದ ಬೋರರ್ ತರಿಸಬಹುದಿತ್ತು, ಪಳಗಿದವರನ್ನು ಕರೆಸಬಹುದಿತ್ತು. ಐದು ಸಾವಿರ ವರ್ಷ ನಿಂತ ಮರ ಇನ್ನೊಂದು ಚಳಿಗಾಲ ಕಾಯುತ್ತಿತ್ತು. ಕಾಯಲಾಗದೆ ಇದ್ದದ್ದು ಫೆಲೋಶಿಪ್ ಮತ್ತು ಸೀಸನ್. ಸಂಶೋಧನೆಗೆ ಅನುಮತಿ ಕೊಡುವ ಕಚೇರಿಗಳಲ್ಲಿ ಕೂತವರಿಗೆ ನಾನು ಈ ಪ್ರಕರಣ ಓದಲು ಹೇಳುವುದು ಈ ಕಾರಣಕ್ಕೆ. ಅರ್ಜಿದಾರನ ಅವಸರ ಅರ್ಜಿಯಲ್ಲಿ ಬರೆದಿರುವುದಿಲ್ಲ. ಅದನ್ನು ಕೇಳಿಯೇ ತಿಳಿಯಬೇಕು. ‘ಮಾದರಿ ಹಾಳಾದರೆ ಮತ್ತೆ ಸಿಗುತ್ತದೆಯೇ’ ಎಂಬ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಬಂದರೆ, ಅದು ಹೇಗೆ ಗೊತ್ತು ಎಂದೂ ಕೇಳಬೇಕು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಈಗ ಮಾದರಿ ತೆಗೆಯಲು ಪ್ರತ್ಯೇಕ ಸಂಶೋಧನಾ ಪರವಾನಗಿ ಬೇಕು. ಒಬ್ಬ ರೇಂಜರ್ ಮತ್ತು ಅವನ ಮೇಲಧಿಕಾರಿ ಮಾತಾಡಿಕೊಂಡು ಮುಗಿಸುವ ವಿಷಯ ಅದಲ್ಲ.

ಇಂಥದೇ ಸಂದಿಗ್ಧ ಇತ್ತೀಚೆಗೆ ಚಿಲಿ ದೇಶದಲ್ಲಿ ಎದುರಾಯಿತು. ಅಲೆರ್ಸೆ ಕೊಸ್ಟೆರೊ ರಾಷ್ಟ್ರೀಯ ಉದ್ಯಾನದಲ್ಲಿ ಒಂದು ಅಲೆರ್ಸೆ ಮರ ಇದೆ. ಗಾಳಿಗೆ ಕುಳ್ಳಾದದ್ದಲ್ಲ, ಮಳೆಕಾಡಿನ ದೈತ್ಯ. ಕಾಂಡದ ಅಡ್ಡಳತೆ ನಾಲ್ಕು ಮೀಟರಿಗೂ ಹೆಚ್ಚು. ಬೋರರ್ ಅಲ್ಲೂ ನಡುವಿನವರೆಗೆ ಮುಟ್ಟಲಿಲ್ಲ. ಸಿಕ್ಕಿದ್ದು ಸುಮಾರು 2,400 ಉಂಗುರ. ಸಂಶೋಧಕರು ಅಲ್ಲಿಗೇ ನಿಲ್ಲಿಸಿದರು. ಉಳಿದದ್ದನ್ನು ಬೇರೆ ಅಲೆರ್ಸೆ ಮರಗಳ ಬೆಳವಣಿಗೆ ಆಧರಿಸಿ ಲೆಕ್ಕ ಹಾಕಿದರು. 2022ರಲ್ಲಿ ಹೊರಬಂದ ಅಂದಾಜು 5,484 ವರ್ಷ. 5,000 ದಾಟಿರುವ ಸಂಭವ ಶೇ. 80 ಎಂದರು.

ಉಂಗುರ ವಿಜ್ಞಾನದ ಕೆಲವರಿಗೆ ಇದು ಒಪ್ಪಿಗೆಯಾಗಲಿಲ್ಲ. ಎಣಿಸದ ಉಂಗುರವನ್ನು ಲೆಕ್ಕಕ್ಕೆ ಸೇರಿಸುವುದು ಹೇಗೆ ಎಂದು ಅವರ ತಕರಾರು. ತಕರಾರಿನಲ್ಲಿ ನ್ಯಾಯ ಇದೆ, ಹಾಗಾಗಿ ಆ ಮರಕ್ಕೆ ಅತಿ ಹಳೆಯದು ಎಂಬ ಪಟ್ಟ ಇನ್ನೂ ಗಟ್ಟಿಯಾಗಿಲ್ಲ. ಪ್ರವಾಸಿಗರ ಕಾಲ್ತುಳಿತಕ್ಕೆ ಅದರ ಬೇರುಗಳು ನಲುಗುತ್ತಿವೆ ಎಂದು ಸಂಶೋಧಕರು ದೂರುತ್ತಾರೆ. ಅಲ್ಲಿ ಈಗ ತುರ್ತಾಗಿ ತೀರ್ಮಾನ ಆಗಬೇಕಾದದ್ದು ಆ ವಿಷಯ.